ಗೋಮಾಳಗಳಲ್ಲಿ ಕಳೆ ಮತ್ತು ಪೊದೆಗಳ ಹತೋಟಿ: ಆಯ್ದು ಕೊಲ್ಲುವ ಕಳೆನಾಶಕಗಳ ಬಳಕೆ

ಆಂಧ್ರದ ಗಡಿಗೆ ಹೊಂದಿಕೊಂಡಿರುವ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯಲ್ಲಿ ಮುಂಗಾರಿನ ಎರಡು ಹದ ಮಳೆ ಬಿದ್ದರೆ ಗೋಮಾಳಗಳು ದೂರಕ್ಕೆ ಹಚ್ಚಹಸಿರಾಗಿ ಕಾಣುತ್ತವೆ. ಆದರೆ ಬೆಳಿಗ್ಗೆ ಅಲ್ಲಿಗೆ ಮೇಯಲು ಹೋದ ದನ ಸಂಜೆ ಅರೆಹೊಟ್ಟೆಯಲ್ಲಿ ಹಿಂದಿರುಗುತ್ತದೆ. ಹತ್ತಿರ ಹೋಗಿ ನೋಡಿದರೆ ಕಾರಣ ತಿಳಿಯುತ್ತದೆ. ಹಸಿರಾಗಿ ಕಂಡದ್ದರಲ್ಲಿ ಹುಲ್ಲು ಕಡಿಮೆ. ಕಾಂಗ್ರೆಸ್ ಕಳೆ, ಲಂಟಾನ, ಬಳ್ಳಾರಿ ಜಾಲಿ, ತಂಗಡಿ ಇವುಗಳೇ ಹೆಚ್ಚು.

ಕೋಲಾರ ಜಿಲ್ಲೆ ರಾಜ್ಯದ ಪೂರ್ವ ಒಣ ವಲಯಕ್ಕೆ ಸೇರಿದೆ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಅದೂ ನೆಚ್ಚಲಾಗದ್ದು. ರಾಗಿ, ನೆಲಗಡಲೆ ಕೈಕೊಟ್ಟ ವರ್ಷವೂ ಮನೆ ನಡೆಸುವುದು ಡೇರಿಗೆ ಹಾಕುವ ಹಾಲು. ಸ್ವಂತಕ್ಕೆ ಹಸಿರು ಮೇವು ಬೆಳೆಯುವಷ್ಟು ನೀರಿಲ್ಲದ ಸಣ್ಣ ರೈತನಿಗೆ ಗೋಮಾಳದ ಹುಲ್ಲೇ ಆಧಾರ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳು ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಚಿತ ಹುಲ್ಲುಗಾವಲನ್ನು ಕಾದಿರಿಸಬೇಕೆಂದು ಗೊತ್ತುಪಡಿಸಿದ್ದವು. ಹಾಗೆ ಉಳಿದುಕೊಂಡ ನೆಲದಲ್ಲಿ ಅರ್ಧ ಕಳೆಯ ಪಾಲಾದರೆ ಮೇವಿನ ಲೆಕ್ಕದಲ್ಲಿ 30 ಎಕರೆ 15 ಎಕರೆಯಾದಂತೆಯೇ ಸರಿ.

ಇಂತಹ ಕಡೆ ಹುಲ್ಲನ್ನು ಉಳಿಸಿ ಕಳೆಯನ್ನು ಮಾತ್ರ ಕೊಲ್ಲುವ ಔಷಧಿ ಇದೆಯೆಂದು ಕೇಳಿದಾಗ ರೈತರಿಗೆ ಆಸೆಯಾಗುವುದು ಸಹಜ. ಅಂತಹ ಔಷಧಿ ಇರುವುದೂ ನಿಜ. ಆದರೆ ಅದು ಯಾವುದನ್ನು ಕೊಲ್ಲುತ್ತದೆ, ಯಾವುದನ್ನು ಉಳಿಸುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ ಗೋಮಾಳದ ಕಳೆಗಿಂತ ಪಕ್ಕದ ಹೊಲದ ಟೊಮ್ಯಾಟೊ ಮೊದಲು ಹೋಗುತ್ತದೆ.

ಗುರುತಿಸಬೇಕಾದ ಕಳೆಗಳು

ಕಾಂಗ್ರೆಸ್ ಕಳೆ (ಪಾರ್ಥೇನಿಯಂ): ಹೊರದೇಶದಿಂದ ಬಂದ ಈ ಕಳೆ ಭಾರತದಲ್ಲಿ 1955ರಲ್ಲಿ ಪುಣೆಯಲ್ಲಿ ಕಂಡುಬಂದಿತು. ಕರ್ನಾಟಕ ಸರ್ಕಾರ ಇದನ್ನು 1975ರಲ್ಲಿ ಅಪಾಯಕಾರಿ ಕಳೆಯೆಂದು ಘೋಷಿಸಿತು. ಮೊಳೆತ ಒಂದು ತಿಂಗಳೊಳಗೆ ಹೂ ಬಿಡಬಲ್ಲದು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ದನ ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಕೀಳುವವರಿಗೆ ಚರ್ಮದ ತುರಿಕೆ, ಉಬ್ಬಸ ಬರುವುದುಂಟು.

ಲಂಟಾನ: 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ದೇಶಕ್ಕೆ ಬಂದದ್ದು. ಇದರ ಎಲೆಯಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ. ತಿಂದ ರಾಸು ಮೇವು ಬಿಡುತ್ತದೆ, ಸಗಣಿ ಕಟ್ಟುತ್ತದೆ, ಕಣ್ಣು ಹಳದಿಯಾಗುತ್ತದೆ. ಬಿಸಿಲಿಗೆ ಮೂತಿ ಮತ್ತು ಬಿಳಿ ಚರ್ಮದ ಭಾಗಗಳು ಒಡೆದು ಹುಣ್ಣಾಗುತ್ತವೆ.

ಬಳ್ಳಾರಿ ಜಾಲಿ: ಸೌದೆಗೆಂದು ತಂದು ಬೆಳೆಸಿದ ಮರ. ದನ, ಕುರಿಗಳು ಇದರ ಕಾಯಿ ತಿಂದು ಸಗಣಿ, ಹಿಕ್ಕೆಗಳ ಮೂಲಕ ಬೀಜ ಹರಡುತ್ತವೆ. ಕಡಿದಷ್ಟೂ ಬುಡದಿಂದ ಹಲವು ಚಿಗುರು ಒಡೆಯುತ್ತದೆ.

ತಂಗಡಿಯನ್ನು ಇವುಗಳ ಸಾಲಿಗೆ ಸೇರಿಸುವ ಮುನ್ನ ಯೋಚಿಸಬೇಕು. ದನ ಅದನ್ನು ಮೇಯದಿದ್ದರೂ ಅದರ ಸೊಪ್ಪು ಒಳ್ಳೆಯ ಹಸಿರೆಲೆ ಗೊಬ್ಬರ. ಇಳಿಜಾರಿನ ಕೆಂಪು ಮಣ್ಣು ಕೊಚ್ಚಿಹೋಗದಂತೆ ಅದರ ಬೇರು ಹಿಡಿದಿರುತ್ತದೆ. ಇಳಿಜಾರುಗಳಲ್ಲಿ ಅದನ್ನು ಅಡ್ಡ ಸಾಲುಗಳಾಗಿ ಉಳಿಸಿ, ಸಮತಟ್ಟಾದ ಮೇವಿನ ಜಾಗದಲ್ಲಿ ಮಾತ್ರ ತೆಗೆದರೆ ಸಾಕು.

ಆಯ್ದು ಕೊಲ್ಲುವುದು ಹೇಗೆ?

ಕಳೆನಾಶಕಗಳಲ್ಲಿ ಎರಡು ಬಗೆ. ಮೊದಲನೆಯದು ತಾಗಿದ ಹಸಿರನ್ನೆಲ್ಲ ಸುಡುವಂಥದು. ಗ್ಲೈಫೋಸೇಟ್ ಮತ್ತು ಪ್ಯಾರಾಕ್ವಾಟ್ ಈ ಬಗೆಯವು. ಇವು ಹುಲ್ಲನ್ನೂ ಉಳಿಸುವುದಿಲ್ಲ. ಹುಲ್ಲುಗಾವಲಿಗೆ ಇವು ತಕ್ಕವಲ್ಲ. ಅಲ್ಲದೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆಯು ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿತು.

ಎರಡನೆಯದು ಆಯ್ದು ಕೊಲ್ಲುವಂಥದು. 1940ರ ದಶಕದಲ್ಲಿ ಬಳಕೆಗೆ ಬಂದ 2,4-ಡಿ ಇವುಗಳಲ್ಲಿ ಹಳೆಯದು, ಅಗ್ಗವಾದದ್ದು. ಇದು ಸಸ್ಯದ ಬೆಳವಣಿಗೆಯ ಚೋದಕದಂತೆ ನಟಿಸುವ ರಾಸಾಯನಿಕ. ಎಲೆಯ ಮೂಲಕ ಒಳಹೊಕ್ಕು, ಎಲೆಯಲ್ಲಿ ತಯಾರಾದ ಆಹಾರದೊಡನೆ ಬೇರಿನತ್ತ ಹರಿಯುತ್ತದೆ. ಗಿಡ ಹದ್ದುಮೀರಿ, ಅಂಕೆಯಿಲ್ಲದೆ ಬೆಳೆಯತೊಡಗುತ್ತದೆ. ಕಾಂಡ ತಿರುಚಿಕೊಂಡು ಸೀಳುತ್ತದೆ, ಆಹಾರದ ನಾಳಗಳು ಕಟ್ಟಿಕೊಳ್ಳುತ್ತವೆ, ಗಿಡ ಸಾಯುತ್ತದೆ.

ಹುಲ್ಲು ಬದುಕುವುದಕ್ಕೆ ಕಾರಣಗಳಿವೆ. ಹುಲ್ಲಿನ ಎಲೆ ಕಿರಿದು, ನೆಟ್ಟಗಿರುವಂಥದು; ಹನಿ ಹೆಚ್ಚು ನಿಲ್ಲದೆ ಜಾರುತ್ತದೆ. ಅದರ ಬೆಳೆಯುವ ಮೊಗ್ಗು ಬುಡದ ಪೊರೆಯೊಳಗೆ ಅಡಗಿರುತ್ತದೆ. ಒಳಗೆ ಹೋದ ಔಷಧಿಯನ್ನೂ ಹುಲ್ಲು ಬೇಗ ನಿರುಪದ್ರವಿಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಆದರೆ ಈ ರಕ್ಷಣೆ ಬಲಿತ ಹುಲ್ಲಿಗೆ ಮಾತ್ರ. ಹೊಸದಾಗಿ ಮೊಳೆತ ಎಳೆ ಹುಲ್ಲು ತೆಂಡೆ ಒಡೆಯುವವರೆಗೆ ಅದರ ಮೇಲೆ ಸಿಂಪಡಿಸಬಾರದು.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಮಾತೊಂದಿದೆ. 2,4-ಡಿ ಗೆ ಕಳೆ ಯಾವುದು, ಬೆಳೆ ಯಾವುದು ಎಂಬ ಭೇದವಿಲ್ಲ. ಅದಕ್ಕೆ ತಿಳಿದಿರುವುದು ಅಗಲ ಎಲೆ ಮತ್ತು ಹುಲ್ಲು ಎಂಬ ಭೇದ ಮಾತ್ರ. ಟೊಮ್ಯಾಟೊ, ಅವರೆ, ನೆಲಗಡಲೆ, ದ್ರಾಕ್ಷಿ, ಹಿಪ್ಪುನೇರಳೆ, ಮಾವಿನ ಚಿಗುರು ಎಲ್ಲವೂ ಅಗಲ ಎಲೆಯವೇ. ಹುಲ್ಲುಗಾವಲಿನಲ್ಲೇ ಬೆಳೆಸಿದ ಸ್ಟೈಲೋ ಮುಂತಾದ ದ್ವಿದಳ ಮೇವೂ ಇದಕ್ಕೆ ಬಲಿಯಾಗುತ್ತದೆ.

ಎಷ್ಟು, ಹೇಗೆ?

ಅಂಗಡಿಯಲ್ಲಿ 2,4-ಡಿ ಬೇರೆ ಬೇರೆ ರೂಪಗಳಲ್ಲಿ ಸಿಗುತ್ತದೆ: ಶೇ. 80ರ ಸೋಡಿಯಂ ಲವಣ (ಪುಡಿ), ಶೇ. 58ರ ಅಮೈನ್ ಲವಣ (ದ್ರವ) ಮತ್ತು ಎಸ್ಟರ್ (ದ್ರವ). ಎಸ್ಟರ್ ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಟೊಮ್ಯಾಟೊ, ಹಿಪ್ಪುನೇರಳೆ ತೋಟಗಳ ನಡುವೆ ಇರುವ ನಮ್ಮ ಗೋಮಾಳಗಳಲ್ಲಿ ಅದನ್ನು ಬಳಸಲೇಬಾರದು. ಸೋಡಿಯಂ ಅಥವಾ ಅಮೈನ್ ಲವಣವೇ ಲೇಸು.

ಪ್ರಮಾಣವನ್ನು ಡಬ್ಬದ ತೂಕದಿಂದಲ್ಲ, ಅದರಲ್ಲಿರುವ ಮೂಲವಸ್ತುವಿನಿಂದ ಲೆಕ್ಕ ಹಾಕಬೇಕು. ಎಳೆಯ ಕಾಂಗ್ರೆಸ್ ಕಳೆಗೆ ಹೆಕ್ಟೇರಿಗೆ 1 ಕಿ.ಗ್ರಾಂ, ಅಂದರೆ ಎಕರೆಗೆ 400 ಗ್ರಾಂ ಮೂಲವಸ್ತು ಸಾಕು. ಶೇ. 80ರ ಪುಡಿಯಾದರೆ 500 ಗ್ರಾಂ, ಶೇ. 58ರ ದ್ರವವಾದರೆ ಸುಮಾರು 700 ಮಿ.ಲೀ. ಇದನ್ನು 200 ಲೀಟರ್ ನೀರಿಗೆ ಬೆರೆಸಬೇಕು. 16 ಲೀಟರಿನ ಒಂದು ಕ್ಯಾನಿಗೆ ಪುಡಿ 40 ಗ್ರಾಂ ಅಥವಾ ದ್ರವ 56 ಮಿ.ಲೀ. ಬರುತ್ತದೆ. ಕೊಂಡ ಡಬ್ಬದ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಚೀಟಿಯನ್ನೇ ಅನುಸರಿಸಬೇಕು.

ಸಿಂಪಡಿಸುವವನ ನಡಿಗೆ ಸರಿಯಿದೆಯೇ ಎಂದು ಮೊದಲು ಬರಿಯ ನೀರಿನಲ್ಲಿ ಪರೀಕ್ಷಿಸಬೇಕು. 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ ಜಾಗ ಗುರುತು ಮಾಡಿ, ಕ್ಯಾನಿಗೆ 5 ಲೀಟರ್ ನೀರು ಹಾಕಿ ಸಿಂಪಡಿಸಬೇಕು. ನೀರು ಗುಂಟೆಗೆ ಸರಿಹೋದರೆ ಎಕರೆಗೆ 200 ಲೀಟರ್ ಆಯಿತೆಂದು ಅರ್ಥ. ಮೊದಲೇ ಮುಗಿದರೆ ನಡಿಗೆ ಚುರುಕಾಗಬೇಕು, ಉಳಿದರೆ ನಿಧಾನವಾಗಬೇಕು. ಗುಂಟೆಗೆ 8 ಲೀಟರ್ ಸುರಿಯುವವನು ಔಷಧಿಯನ್ನೂ ಒಂದೂವರೆ ಪಟ್ಟಿಗಿಂತ ಹೆಚ್ಚು ಹಾಕಿರುತ್ತಾನೆ.

ಕೊಳವೆ ಬಾವಿಯ ಗಡಸು ನೀರಿನಲ್ಲಿ ಈ ಲವಣಗಳು ಗಸಿಯಾಗಿ ತಳಕ್ಕೆ ಇಳಿದು ಮೂತಿ ಕಟ್ಟಿಕೊಳ್ಳುತ್ತದೆ. ಸಾಧ್ಯವಾದಷ್ಟು ಮಳೆಯ ನೀರನ್ನು ಅಥವಾ ಸೋಸಿದ ತಿಳಿ ನೀರನ್ನು ಬಳಸುವುದು ಒಳ್ಳೆಯದು.

ಯಾವಾಗ?

ಕಾಂಗ್ರೆಸ್ ಕಳೆ ನಾಲ್ಕರಿಂದ ಆರು ಎಲೆಯ ಹಂತದಲ್ಲಿರುವಾಗ, ಮಣ್ಣಿನಲ್ಲಿ ತೇವವಿದ್ದು ಗಿಡ ಚೆನ್ನಾಗಿ ಬೆಳೆಯುತ್ತಿರುವಾಗ ಸಿಂಪಡಿಸಬೇಕು. ಬಾಡಿದ ಗಿಡದಲ್ಲಿ ಔಷಧಿ ಹರಿಯುವುದಿಲ್ಲ. ಹೂ ಬಿಟ್ಟ ಮೇಲೆ ಸಿಂಪಡಿಸಿದರೆ ಗಿಡ ಸತ್ತರೂ ಬೀಜ ಉಳಿಯುತ್ತದೆ. ಗಾಳಿ ತಗ್ಗಿರುವ ಬೆಳಗಿನ ಹೊತ್ತು ಒಳ್ಳೆಯದು. ಸಿಂಪಡಿಸಿದ ನಂತರ ಆರು ಗಂಟೆಗಳಾದರೂ ಮಳೆ ಬೀಳಬಾರದು.

ಸಿಂಪಡಿಸುವ ಮುನ್ನ ಎಲೆಗಳನ್ನು ತಿರುಗಿಸಿ ನೋಡಬೇಕು. ಕಾಂಗ್ರೆಸ್ ಕಳೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಅದು ಗಿಡಗಳನ್ನು ಬೋಳು ಮಾಡುತ್ತದೆ. ದುಂಬಿ ಮತ್ತು ಅದರ ಮರಿಹುಳುಗಳು ಹೇರಳವಾಗಿರುವ ಕಡೆ ಔಷಧಿಯ ಖರ್ಚು ಬೇಡ.

ಪೊದೆಗಳಿಗೆ ಬೇರೆ ವಿಧಾನ

ಎದೆಯೆತ್ತರ ಬೆಳೆದ ಲಂಟಾನದ ಮೇಲೆ 2,4-ಡಿ ಸುರಿಯುವುದು ದಂಡ. ಎಲೆ ಉದುರುತ್ತದೆ, ಬುಡ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಇಲ್ಲಿ ಉಪಯುಕ್ತ. ಗಿಡದ ತಾಯಿಬೇರನ್ನು ನೆಲದ ಮಟ್ಟದಿಂದ ಎರಡು ಅಂಗುಲದಷ್ಟು ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡುವುದೇ ಆ ವಿಧಾನ. ಚಿಗುರುವ ಭಾಗ ಮಣ್ಣಿನಿಂದ ಬೇರ್ಪಟ್ಟ ಕಾರಣ ಗಿಡ ಮರುಹುಟ್ಟು ಪಡೆಯುವುದಿಲ್ಲ. ಮುಂದಿನ ಮಳೆಗೆ ಬೀಜದಿಂದ ಮೊಳೆಯುವ ಸಸಿಗಳನ್ನು ಎಳೆಯದರಲ್ಲೇ ಕೀಳಬೇಕು.

ಬಳ್ಳಾರಿ ಜಾಲಿಗೂ 2,4-ಡಿ ಒಂದರಿಂದಲೇ ಕೆಲಸ ಆಗದು. ಮಣ್ಣು ಹಸಿಯಾಗಿರುವಾಗ ಬುಡವನ್ನು ಒಂದು ಅಡಿ ಆಳದವರೆಗೆ ಅಗೆದು, ಚಿಗುರುವ ಗಂಟನ್ನು ಪೂರ್ತಿ ತೆಗೆಯಬೇಕು. ಹಿಂದೆ ಹೊರದೇಶಗಳಲ್ಲಿ ಇಂತಹ ಮರಗಳಿಗೆ ಬಳಸುತ್ತಿದ್ದ 2,4,5-ಟಿ ಎಂಬ ರಾಸಾಯನಿಕದಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಸೇರಿರುತ್ತಿತ್ತು. ನಮ್ಮ ದೇಶದಲ್ಲಿ ಅದಕ್ಕೆ ನೋಂದಣಿ ನಿರಾಕರಿಸಲಾಗಿದೆ. ಯಾರಾದರೂ ಹೆಸರಿಲ್ಲದ ಡಬ್ಬದಲ್ಲಿ "ಜಾಲಿ ಔಷಧಿ" ಎಂದು ಮಾರಿದರೆ ಕೊಳ್ಳಬಾರದು.

ಪೊದೆಗೆ ಬೆಂಕಿ ಇಡುವುದರಿಂದಲೂ ಪ್ರಯೋಜನವಿಲ್ಲ. ಬೆಂಕಿಗೆ ಹುಲ್ಲು ಮತ್ತು ಅದರ ಬೀಜ ಸುಟ್ಟು, ಲಂಟಾನ ಬುಡದಿಂದ ಮತ್ತೆ ಮೊದಲು ಏಳುತ್ತದೆ.

ತಪ್ಪದೆ ಪಾಲಿಸಬೇಕಾದ ಎಚ್ಚರಿಕೆಗಳು

1. ಒಂದು ಸ್ಪ್ರೇಯರನ್ನು ಕಳೆನಾಶಕಕ್ಕೇ ಮೀಸಲಿಡಬೇಕು. 2,4-ಡಿ ಹಾಕಿದ ಕ್ಯಾನನ್ನು ಬರಿಯ ನೀರಿನಲ್ಲಿ ಜಾಲಿಸಿ ಟೊಮ್ಯಾಟೊಗೆ ಕೀಟನಾಶಕ ಸಿಂಪಡಿಸಿದರೆ, ಕೆಲವೇ ದಿನಗಳಲ್ಲಿ ಎಲೆ ಬಟ್ಟಲಾಗಿ ಮುದುಡಿ ನಾರಿನಂತಾಗುತ್ತದೆ. ರೈತ ಇದನ್ನು ನಂಜುರೋಗವೆಂದು ತಿಳಿದು ಮತ್ತಷ್ಟು ಔಷಧಿಗೆ ಹಣ ಸುರಿಯುತ್ತಾನೆ. ಬೇರೆ ಸ್ಪ್ರೇಯರ್ ಇಲ್ಲದಿದ್ದರೆ ವಾಷಿಂಗ್ ಸೋಡಾ ನೀರನ್ನು ರಾತ್ರಿಯಿಡೀ ತುಂಬಿಟ್ಟು, ಹಲವು ಸಲ ತೊಳೆಯಬೇಕು.

2. ಗಾಳಿ ಹಿಪ್ಪುನೇರಳೆ, ಟೊಮ್ಯಾಟೊ, ದ್ರಾಕ್ಷಿ ತೋಟಗಳ ಕಡೆ ಬೀಸುತ್ತಿದ್ದರೆ ಅಂದಿನ ಕೆಲಸ ನಿಲ್ಲಿಸಬೇಕು. ಅಂಚಿನ ಪಟ್ಟಿಯಲ್ಲಿ ಕೈಯಿಂದಲೇ ಕಳೆ ಕೀಳಬೇಕು. ಸೂಕ್ಷ್ಮ ಹನಿ ಹಾರದಂತೆ ಚಪ್ಪಟೆ ಬೀಸಣಿಗೆಯಂತೆ ಹೊರಬೀಳಿಸುವ ಮೂತಿಯನ್ನು ನೆಲಕ್ಕೆ ಹತ್ತಿರ ಹಿಡಿಯಬೇಕು.

3. ಸಿಂಪಡಿಸಿದ ಜಾಗಕ್ಕೆ ದನ, ಕುರಿಗಳನ್ನು ಕೂಡಲೆ ಬಿಡಬಾರದು. ಔಷಧಿ ತಾಗಿ ಬಾಡುವ ಗಿಡಗಳ ರುಚಿ ಬದಲಾಗಿ, ದನ ಎಂದೂ ಮುಟ್ಟದ ವಿಷದ ಗಿಡವನ್ನೂ ತಿನ್ನುವ ಅಪಾಯವಿದೆ. ಕಳೆ ಪೂರ್ತಿ ಒಣಗುವವರೆಗೂ, ಚೀಟಿಯಲ್ಲಿ ಹೇಳಿದ ಅವಧಿ ಮುಗಿಯುವವರೆಗೂ ಕಾಯಬೇಕು. ಹಾಲು ಕರೆಯುವ ರಾಸುಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು.

4. ಗೋಮಾಳ ಊರಿನ ಸ್ವತ್ತು. ಒಬ್ಬರೇ ಹೋಗಿ ಸಿಂಪಡಿಸುವ ಬದಲು ಗ್ರಾಮ ಪಂಚಾಯತಿಯ ಒಪ್ಪಿಗೆ ಪಡೆದು, ಕುರಿಗಾಹಿಗಳಿಗೂ ಸೇರಿ ಎಲ್ಲರಿಗೂ ಮುಂಚೆ ತಿಳಿಸಬೇಕು. ಜಾಗವನ್ನು ಭಾಗ ಮಾಡಿಕೊಂಡು, ಒಂದು ಭಾಗ ಮುಚ್ಚಿದಾಗ ಉಳಿದದ್ದು ಮೇಯಲು ತೆರೆದಿರಬೇಕು.

5. ಕೆರೆ, ಕುಂಟೆ, ಬಾವಿಗಳ ಬಳಿ ಔಷಧಿ ಬೆರೆಸಬಾರದು, ಕ್ಯಾನು ತೊಳೆಯಬಾರದು. ಸಿಂಪಡಿಸುವವರು ಕೈಗವಸು, ಕನ್ನಡಕ, ಮೈತುಂಬ ಬಟ್ಟೆ, ಬೂಟು ಧರಿಸಬೇಕು. 2,4-ಡಿ ಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಅಸ್ವಸ್ಥರಾದರೆ ಡಬ್ಬದ ಚೀಟಿಯೊಡನೆ ವೈದ್ಯರ ಬಳಿಗೆ ಹೋಗಬೇಕು. ಖಾಲಿ ಡಬ್ಬವನ್ನು ಜಜ್ಜಿ ತೂತು ಮಾಡಿ, ಮತ್ತೆ ಮನೆಬಳಕೆಗೆ ಬಾರದಂತೆ ಮಾಡಬೇಕು.

ಕಳೆ ಹೋದ ಜಾಗಕ್ಕೆ ಹುಲ್ಲು ಬರಬೇಕು

ಔಷಧಿಯ ಕೆಲಸ ಜಾಗ ತೆರವು ಮಾಡುವುದಷ್ಟೆ. ಮಣ್ಣಿನಲ್ಲಿ ಕಾಂಗ್ರೆಸ್ ಕಳೆಯ ಬೀಜ ಹಲವು ವರ್ಷ ಜೀವಂತವಾಗಿರುತ್ತದೆ. ತೆರವಾದ ಜಾಗವನ್ನು ಹುಲ್ಲು ಆಕ್ರಮಿಸದಿದ್ದರೆ ಮುಂದಿನ ಮಳೆಗೆ ಕಳೆಯೇ ಮರಳುತ್ತದೆ. ಮಿತಿಮೀರಿ ಮೇಯಿಸಿದ ಬೋಳು ನೆಲವೇ ಕಳೆಗೆ ಹದವಾದ ನೆಲ.

ತೇವವಿರುವ ಮಣ್ಣಿನಲ್ಲಿ 2,4-ಡಿ ಕೆಲವು ವಾರಗಳಲ್ಲಿ ಸೂಕ್ಷ್ಮಜೀವಿಗಳಿಂದ ಒಡೆದುಹೋಗುತ್ತದೆ. ಜೂನ್-ಜುಲೈನಲ್ಲಿ ಸಿಂಪಡಿಸಿದರೆ, ಕೋಲಾರದ ಕಡೆ ಮಳೆ ಹೆಚ್ಚುವ ಆಗಸ್ಟ್ ಕೊನೆ-ಸೆಪ್ಟೆಂಬರ್ ವೇಳೆಗೆ ಬಿತ್ತನೆ ಮಾಡಬಹುದು. ಎಕರೆಗೆ ಸುಮಾರು 2 ಕಿ.ಗ್ರಾಂ ಅಂಜನ್ ಹುಲ್ಲಿನ ಬೀಜವನ್ನು ಹಸಿ ಮಣ್ಣಿನೊಡನೆ ಬೆರೆಸಿ ಚೆಲ್ಲಬೇಕು; ಬೀಜ ಹಗುರವಾದ್ದರಿಂದ ಹಾಗೆಯೇ ಚೆಲ್ಲಿದರೆ ಗಾಳಿಗೆ ಹಾರುತ್ತದೆ. ಜೊತೆಗೆ ಸ್ಟೈಲೋ ಹಮಾಟ ಬಿತ್ತಿದರೆ ಮೇವಿನಲ್ಲಿ ಸಸಾರಜನಕ ಹೆಚ್ಚುತ್ತದೆ. ಅದರ ಬೀಜದ ಸಿಪ್ಪೆ ಗಡಸು. 80 ಡಿಗ್ರಿ ಬಿಸಿ ನೀರಿನಲ್ಲಿ ಮೂರು ನಾಲ್ಕು ನಿಮಿಷ ಅದ್ದಿ, ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ಸ್ಟೈಲೋ ಬಿತ್ತಿದ ಮೇಲೆ ಆ ಜಾಗಕ್ಕೆ ಮತ್ತೆ 2,4-ಡಿ ಹಾಕುವಂತಿಲ್ಲ. ಮೊದಲ ವರ್ಷ ಹುಲ್ಲು ಬೀಜ ಉದುರಿಸುವವರೆಗೆ ದನ ಬಿಡದೆ, ಬೇಕಾದರೆ ಕೊಯ್ದು ಹಾಕಬೇಕು.

ಇಡೀ ಗೋಮಾಳಕ್ಕೆ ಒಂದೇ ಬಾರಿ ಕೈಹಾಕುವುದು ಬೇಡ. ಮೊದಲ ವರ್ಷ ಎರಡು ಎಕರೆ ಆರಿಸಿ, ಕಳೆ ತೆಗೆದು, ಹುಲ್ಲು ನಿಲ್ಲಿಸಿ, ಊರಿನವರೆಲ್ಲ ಅದನ್ನು ಕಣ್ಣಾರೆ ನೋಡುವಂತಾಗಲಿ. ಔಷಧಿಯ ಆಯ್ಕೆ, ಬೀಜದ ಪೂರೈಕೆ ಕುರಿತು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಎರಡು ಎಕರೆಯಲ್ಲಿ ಹುಲ್ಲು ಗಟ್ಟಿಯಾಗಿ ನಿಂತರೆ ಮುಂದಿನ ವರ್ಷದ ಎರಡು ಎಕರೆಗೆ ಬೀಜ ಅಲ್ಲಿಂದಲೇ ದೊರೆಯುತ್ತದೆ. ಔಷಧಿಯ ಅಗತ್ಯವೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ.