ಒಂದು ಬೆರಳು ನೀರು, ಒಂದು ಹಲಗೆ

ನಿಪ್ಪಾಣಿಯಿಂದ ರಾಧಾನಗರಿ ದಾರಿ ಹಿಡಿದು, ದಾಜಿಪುರದ ಕಾಡು ದಾಟಿ ಫೋಂಡಾ ಘಾಟ್ ಇಳಿದರೆ ದೇವಗಡದ ಕಡಲು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರು ಕುಣಕೇಶ್ವರಕ್ಕೆ ಹೋಗಿ, ದರ್ಶನ ಮುಗಿಸಿ, ಪಕ್ಕದ ದಂಡೆಗೆ ಇಳಿಯುವುದು ಹೊಸದೇನಲ್ಲ. ಪ್ಯಾಂಟು ಮೊಣಕಾಲಿಗೆ ಮಡಚಿ ಕಾಲು ತೋಯಿಸಿಕೊಂಡು ಮರಳಿಬಿಡುತ್ತೇವೆ. ಕಡಲಿನ ಆಳಕ್ಕೆ ಅಂಜುತ್ತೇವೆ. ಆ ಅಂಜಿಕೆ ಸರಿಯಾದದ್ದೇ. ಆದರೆ ಪಾದ ಮುಳುಗದಷ್ಟು ನೀರಿನಲ್ಲೇ ಆಡುವ ಒಂದು ಆಟವಿದೆ. ಹೆಸರು ಸ್ಕಿಮ್‌ಬೋರ್ಡಿಂಗ್. ಉಸುಕಿನ ಮೇಲೆ ತೆರೆ ಬಿಟ್ಟುಹೋದ ತೆಳ್ಳನೆಯ ನೀರಿಗೆ ಹಲಗೆ ಬಿಟ್ಟು, ಅದರ ಬೆನ್ನಿಗೇ ಓಡಿ, ಹತ್ತಿ ಜಾರುವುದು.

ಹೊಳೆಯ ದಂಡೆಯಲ್ಲಿ ಹಂಚಿನ ಚೂರು ಎಸೆದು ನೀರ ಮೇಲೆ ಕುಣಿಸಿದವರಿಗೆ ಇದರ ಗುಟ್ಟು ಅರ್ಧ ಗೊತ್ತಿದ್ದಂತೆಯೇ. ಚಪ್ಪಟೆ ಚೂರು ಜೋರಾಗಿ, ಮುಂದಿನ ಅಂಚು ಸ್ವಲ್ಪ ಎತ್ತಿಕೊಂಡು ಬಿದ್ದರೆ ನೀರು ಅದನ್ನು ಮೇಲಕ್ಕೆ ದೂಡುತ್ತದೆ. ವೇಗ ಸತ್ತಾಗ ಮುಳುಗುತ್ತದೆ. ಹಲಗೆಯದೂ ಅದೇ ಕಥೆ, ಒಂದು ಅನುಕೂಲ ಹೆಚ್ಚು. ಕೆಳಗೆ ಗಟ್ಟಿ ಉಸುಕು ಹತ್ತಿರದಲ್ಲೇ ಇರುವುದರಿಂದ ಹಲಗೆಯಡಿ ಸಿಕ್ಕ ನೀರಿಗೆ ತಟ್ಟನೆ ಪಾರಾಗಲು ದಾರಿಯಿಲ್ಲ. ಅದು ಒತ್ತಿಕೊಂಡು ನಿಂತು ಮನುಷ್ಯನ ಭಾರವನ್ನೇ ಹೊರುತ್ತದೆ. ಹಾಗಾಗಿ ನೀರು ಹೆಚ್ಚಿದ್ದಷ್ಟು ಒಳ್ಳೆಯದು ಎಂಬ ಎಣಿಕೆ ಇಲ್ಲಿ ತಪ್ಪು. ಒಂದು ಬೆರಳಿನ ದಪ್ಪದಷ್ಟು ನೀರು ಸಾಕು. ಮೊಣಕಾಲುದ್ದ ನೀರಿನಲ್ಲಿ ಹಲಗೆ ಕುಸಿಯುತ್ತದೆ. ನೀರು ತೀರ ಆರಿದ ಕಡೆ ಉಸುಕಿಗೆ ಕಚ್ಚಿಕೊಂಡು ಸವಾರನನ್ನು ಮುಂದಕ್ಕೆ ಎತ್ತಿ ಹಾಕುತ್ತದೆ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ, 1920ರ ದಶಕದಲ್ಲಿ. ದಂಡೆ ಕಾಯುವ ಜೀವರಕ್ಷಕರು ಮರದ ಹಲಗೆಯ ಮೇಲೆ ಜಾರುತ್ತಿದ್ದರು. ಅದೇ ಊರಿನಲ್ಲಿ 1976ರಲ್ಲಿ ಶುರುವಾದ ವಿಕ್ಟೋರಿಯಾ ಕಂಪನಿ ಫೋಮ್ ಹಲಗೆಗಳನ್ನು ಜಗತ್ತಿಗೆ ಪರಿಚಯಿಸಿತು. ನಮ್ಮ ರಾಜ್ಯದಲ್ಲಿ ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರಿಂದ ಸರ್ಫಿಂಗ್ ಕಲಿಸುತ್ತ ಬಂದಿದೆ. ತೆರೆಯ ಜೊತೆ ಬದುಕುವವರು ಅಲ್ಲಿದ್ದಾರೆ. ಅತ್ತ ಹೋದರೆ ಅವರ ಮಾತು ಕೇಳಿಯೇ ನೀರಿಗಿಳಿಯಿರಿ.

ಇನ್ನು ಹಲಗೆ. ಎರಡು ಜಾತಿ. ಮರದ್ದು, ಅಂದರೆ ಪ್ಲೈವುಡ್. ಮತ್ತೆ ಫೋಮ್ ತಿರುಳಿಗೆ ಫೈಬರ್‌ಗ್ಲಾಸ್ ಹೊದಿಸಿದ್ದು. ಫೋಮಿನದು ಹಗುರ, ತೇಲುವ ಗುಣ ಹೆಚ್ಚು. ದಂಡೆಯಿಂದ ಓಡಿ ಎದುರು ಬರುವ ತೆರೆಯನ್ನೇ ಹತ್ತಿ ತಿರುಗುವವರಿಗೆ ಅದೇ ಬೇಕು. ಬೆಲೆ ಹೆಚ್ಚು, ಕಲ್ಲಿಗೆ ತಾಗಿದರೆ ಸೀಳುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಕೆಡುತ್ತದೆ. ವರ್ಷಕ್ಕೆ ಎರಡು ಸಲ ಕಡಲು ಕಾಣುವ ನಮಗೆ ಮೊದಲ ಹಲಗೆ ಮರದ್ದೇ ಇರಲಿ. ಹೊಡೆತ ತಾಳುತ್ತದೆ, ಬೀಳುತ್ತ ಏಳುತ್ತ ಕಲಿಯಲು ಅನುಕೂಲ. ಆಟಿಕೆ ಅಂಗಡಿಯ ತೆಳ್ಳನೆಯ, ಮೂತಿ ಎತ್ತದ, ಚಿತ್ರ ಬಳಿದ ಹಲಗೆಗೆ ದುಡ್ಡು ಹಾಕಬೇಡಿ. ನಾಲ್ಕು ಸಲ ನೆಂದರೆ ಡೊಂಕಾಗುತ್ತದೆ. ಹೊಟ್ಟೆಯ ಮೇಲೆ ಮಲಗಿ ತೇಲುವ ಮೆತ್ತನೆಯ ಬಾಡಿಬೋರ್ಡ್ ಬೇರೆಯೇ ವಸ್ತು, ಅದು ಇದಕ್ಕೆ ನಡೆಯದು.

ಅಳತೆಯನ್ನು ವಯಸ್ಸಿನಿಂದಲ್ಲ, ತೂಕದಿಂದ ಗೊತ್ತು ಮಾಡಬೇಕು. 40 ಕಿಲೋ ಒಳಗಿನ ಹುಡುಗ ಹುಡುಗಿಯರಿಗೆ ಸುಮಾರು 35 ಇಂಚು, 60ರವರೆಗೆ 39, 80ರವರೆಗೆ 43, ಅದಕ್ಕೂ ಮೇಲಾದರೆ 47 ಇಂಚು ಉದ್ದ. ಅಗಲ ಉದ್ದದ ಅರ್ಧ. ಎರಡು ಅಳತೆಗಳ ನಡುವೆ ತೂಗಾಡುತ್ತಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಹರವು ಹೆಚ್ಚಿದ್ದಷ್ಟು ಕಡಿಮೆ ವೇಗದಲ್ಲೂ ತೇಲುತ್ತದೆ, ಕಲಿಯುವವನಿಗೆ ಅದೇ ಬೇಕು.

ಇದನ್ನು ಕೊಳ್ಳಲೇಬೇಕೆಂದಿಲ್ಲ. ಊರ ಬಡಿಗೇರರು ಮಾಡಿಕೊಡುತ್ತಾರೆ. ಪ್ಲೈವುಡ್ ಅಂಗಡಿಯಲ್ಲಿ ಶೀಟಿನ ಮೇಲಿನ ಮುದ್ರೆ ನೋಡಿ: ಐಎಸ್ 710 ಎಂದಿದ್ದರೆ ಮರೀನ್ ಪ್ಲೈ, ನೀರಿಗೆ ತಾಳುತ್ತದೆ. ಐಎಸ್ 303 ಇದ್ದದ್ದು ಕಪಾಟಿಗೆ ಸರಿ, ನಮಗೆ ಬೇಡ. 6 ಮಿ.ಮೀ. ಶೀಟು ಒಂದು, 4 ಮಿ.ಮೀ.ದು ಒಂದು ತಂದರೆ, 8 ಅಡಿ ಉದ್ದ 4 ಅಡಿ ಅಗಲದ ಜೋಡಿಯಲ್ಲಿ 39 ಇಂಚಿನ ನಾಲ್ಕು ಹಲಗೆ ಆಗುತ್ತವೆ. ನಾಲ್ಕು ಮನೆಯವರು ಕೂಡಿ ಹಾಕಿದರೆ ಖರ್ಚು ಹಗುರ.

ಎರಡು ಪದರ ಯಾಕೆ? ಮೂತಿ ಬಾಗಿಸಲಿಕ್ಕೆ. 10 ಮಿ.ಮೀ. ಒಂದೇ ಶೀಟು ಬಾಗಿಸಿದರೂ ಮತ್ತೆ ನೆಟ್ಟಗಾಗುತ್ತದೆ. ತೆಳುವಾದ ಎರಡನ್ನು ನಡುವೆ ಎಪಾಕ್ಸಿ ಅಂಟು ಬಳಿದು, ಮುಂದಿನ ಒಂದು ಅಡಿಯಲ್ಲಿ ಒಂದೂವರೆ ಇಂಚು ಏರುವಂಥ ಅಚ್ಚಿನ ಮೇಲಿಟ್ಟು, ಸುತ್ತ ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ಅಚ್ಚಿನಿಂದ ತೆಗೆದ ಮೇಲೆ ಮೊಟ್ಟೆಯಾಕಾರಕ್ಕೆ ಕೊಯ್ದು, ಅಂಚನ್ನು ಪಾಲಿಶ್ ಪೇಪರಿನಿಂದ ಗುಂಡಾಗಿ ಉಜ್ಜಬೇಕು. ನೀರು ಪ್ಲೈಯೊಳಗೆ ನುಗ್ಗುವುದು ಅಂಚಿನಿಂದಲೇ. ಅಲ್ಲಿ ಪಿಯು ವಾರ್ನಿಶ್ ಮೂರು ಕೈ, ಉಳಿದೆಡೆ ಎರಡು ಕೈ. ಮುಗಿದಾಗ ತೂಕ ಮೂರು ಕಿಲೋ ಆಸುಪಾಸು. ಕಾಲು ಜಾರದಂತೆ ಮೇಲ್ಭಾಗಕ್ಕೆ ಸರ್ಫ್ ಮೇಣ ತಿಕ್ಕಿ. ಕೆಳಭಾಗ ನುಣುಪಾಗಿಯೇ ಇರಬೇಕು, ಅಲ್ಲಿ ಮೇಣ ಬೇಡ.

ಕಲಿಯುವುದು ಎಲ್ಲಿ? ನಮ್ಮೆದುರೇ ಕೃಷ್ಣೆ ಹರಿಯುತ್ತಾಳೆ, ಕಲ್ಲೋಳದ ಹತ್ತಿರ ದೂಧಗಂಗೆ ಕೂಡುತ್ತಾಳೆ. ಅಲ್ಲೇ ಆಡಬಾರದೇ ಎನಿಸುವುದು ಸಹಜ. ಬೇಡ. ನಮ್ಮ ಹೊಳೆಯ ದಂಡೆ ಬಹಳ ಕಡೆ ಎರೆಮಣ್ಣಿನ ರಾಡಿ, ಹಲಗೆ ಅಂಟಿಕೊಳ್ಳುತ್ತದೆ. ಉಸುಕು ಬಗೆದ ಕಡೆ ಕಾಣದ ಗುಂಡಿಗಳಿವೆ, ನೀರಲ್ಲಿ ಮೊಸಳೆಗಳಿವೆ, ಮೇಲೆ ಕೊಯ್ನಾದಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಕೃಷಿಹೊಂಡದ ಸನಿಹವಂತೂ ಮಕ್ಕಳನ್ನು ಬಿಡಲೇಬೇಡಿ. ಪ್ಲಾಸ್ಟಿಕ್ ಹೊದಿಸಿದ ಅದರ ಇಳಿಜಾರಿಗೆ ಒಮ್ಮೆ ಜಾರಿದರೆ ಹಿಡಿದು ಮೇಲೇರಲು ಏನೂ ಸಿಗದು.

ಆದರೆ ಆ ಹೊಂಡದ ಉಳಿದ ಹಾಳೆ ನಮ್ಮ ಕೆಲಸಕ್ಕೆ ಬರುತ್ತದೆ. ಮಟ್ಟಸವಾದ ಜಾಗದಲ್ಲಿ ಹರಳು ಆರಿಸಿ ತೆಗೆದು, 30 ಅಡಿ ಉದ್ದ 6 ಅಡಿ ಅಗಲಕ್ಕೆ ಹಾಳೆ ಹಾಸಿ. ಎರಡೂ ಮಗ್ಗುಲಿನ ಅಂಚಿನಡಿ ಹಳೆಯ ಪೈಪು ಇಡಿ. ಎರಡು ತುದಿಗೆ ಪೈಪು ಬೇಡ, ಹಲಗೆ ಎಡವುತ್ತದೆ. ಅಲ್ಲಿ ಹಾಳೆಯಡಿ ಮಣ್ಣನ್ನು ಇಳಿಜಾರಾಗಿ ಏರಿಸಿದರೆ ಸಾಕು. ಒಂದು ಇಂಚು ನೀರಿಗೆ ಸುಮಾರು 425 ಲೀಟರ್ ಹಿಡಿಯುತ್ತದೆ. ಸುತ್ತಲೂ ಕಬ್ಬಿನ ರವದಿ ದಪ್ಪಗೆ ಹರವಿ. ಆಟ ಮುಗಿದ ಮೇಲೆ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗನಿಗೆ ಹೀಗೆ ಹಾಸಿಕೊಟ್ಟೆ. ಹದಿನಾಲ್ಕು ವರ್ಷದ ಹುಡುಗ, ಹುರುಪು ಬಹಳ. ಹಲಗೆಯನ್ನು ಮುಂದಕ್ಕೆ ಬೀಸಿ ಎಸೆದು, ಎರಡೂ ಕಾಲು ಕೂಡಿಸಿ ಮೇಲಕ್ಕೆ ಹಾರಿದ. ಹಲಗೆ ಅವನಡಿಯಿಂದ ಪುಟಿದು ರವದಿಗೆ ಹೋಯಿತು, ಅವನು ನೀರಲ್ಲಿ ಕೂತ. “ಮಾಮಾ, ಹಲಗಿ ಹೋತು, ನಾ ಇಲ್ಲೇ ಉಳದೆ!” ಎಂದ. ಎಲ್ಲರೂ ಮೊದಲು ಮಾಡುವ ತಪ್ಪು ಅದೇ. ಹಲಗೆಯ ಮೇಲೆ ಹಾರಬಾರದು, ಓಡುತ್ತಲೇ ಅದರ ಮೇಲೆ ಹೆಜ್ಜೆ ಇಡಬೇಕು.

ಕ್ರಮ ಹೀಗೆ: ಒಂದು ಕೈ ಹಲಗೆಯ ಹಿಂತುದಿಗೆ, ಇನ್ನೊಂದು ಪಕ್ಕದ ಅಂಚಿಗೆ. ಬೆನ್ನು ಬಾಗಿಸಿ ಓಡುತ್ತ ನೀರಿನ ಹತ್ತಿರಕ್ಕೆ ಹಲಗೆಯನ್ನು ಇಳಿಸಿ, ಮಟ್ಟಸವಾಗಿ ಬಿಡಿ. ಎತ್ತರದಿಂದ ಬಿಟ್ಟರೆ ಬಡಿದು ನಿಲ್ಲುತ್ತದೆ. ಬಿಟ್ಟ ಮೇಲೂ ಓಟ ತಗ್ಗಿಸದೆ, ಹಲಗೆಯ ವೇಗದಲ್ಲೇ ಹೋಗಿ ಹಗುರವಾಗಿ ಕಾಲಿಡಿ. ಮೊದಲ ಹೆಜ್ಜೆ ನಡುವಿಗೆ, ಎರಡನೆಯದು ಭುಜದಗಲಕ್ಕಿಂತ ತುಸು ಹೆಚ್ಚು ಅಂತರದಲ್ಲಿ. ಮೊಣಕಾಲು ಮಡಚಿರಲಿ, ಕಣ್ಣು ಪಾದದ ಮೇಲಲ್ಲ, ಹೋಗುವ ದಿಕ್ಕಿಗೆ. ಭಾರ ಹಿಂದಕ್ಕೆ ವಾಲಿದರೆ ಹಲಗೆ ಮುಂದೆ ಓಡಿ ನೀವು ಬೆನ್ನಿಗೆ ಬೀಳುತ್ತೀರಿ. ಬೀಳುವಾಗ ಅಂಗೈ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ. ಹುಡುಗ ಮೂರನೆಯ ದಿನ ಹಾಳೆಯ ಕೊನೆ ಮುಟ್ಟಿದ.

ಕಡಲಿಗೆ ಹೊರಡುವ ಮುನ್ನ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಭರತ ಇಳಿತ ಎರಡೂ ಜೋರು. ನೀರು ದೂರ ಸರಿದು ಅಗಲವಾದ ಗಟ್ಟಿ ಉಸುಕು ತೆರೆದುಕೊಳ್ಳುತ್ತದೆ. ನಮ್ಮ ಪಶ್ಚಿಮ ದಂಡೆಯಲ್ಲಿ ಆ ದಿನಗಳ ಇಳಿತ ಬೆಳಗಿನ ಜಾವ ಹಾಗೂ ಸಂಜೆಯ ಹೊತ್ತಿಗೆ ಬೀಳುತ್ತದೆ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತಕ್ಕೆ ಒಂದೆರಡು ತಾಸು ಮೊದಲೇ ದಂಡೆ ಸೇರಿ. ಹಿಮ್ಮಡಿ ಊರಿದರೆ ಹೂಳದ ಉಸುಕು, ಕಪ್ಪೆಚಿಪ್ಪು ಕಲ್ಲು ಇಲ್ಲದ ಜಾಗ ಆರಿಸಿ. ತೆರೆ ಮೇಲೆ ಬಂದು ಹಿಂದೆ ಸರಿಯುತ್ತಿರುವಾಗ, ದಂಡೆಗೆ ಸಮನಾಗಿ ಅಥವಾ ಸ್ವಲ್ಪ ಓರೆಯಾಗಿ ಓಡಿ. ಬೇರೆ ಮಕ್ಕಳು ಆಡುವ ಕಡೆ ಬೇಡ. ತಪ್ಪಿಸಿಕೊಂಡ ಹಲಗೆ ಕಣಕಾಲಿಗೆ ಜೋರಾಗಿ ಬಡಿಯುತ್ತದೆ. ತೆರೆಯ ಮೇಲೆ ಏರುವ ಆಸೆ ಬಂದರೆ ಮೊದಲು ಈಸು ಚೆನ್ನಾಗಿ ಬರಬೇಕು, ಜೀವರಕ್ಷಕರು ಇರುವ ದಂಡೆಯಾಗಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಕಡೆ ಹಲಗೆ ಒಯ್ಯುವುದೇ ಬೇಡ.

ಮರಳಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಅಂಚಿನ ವಾರ್ನಿಶ್ ಮೇಲೆ ಬೆರಳಾಡಿಸಿ ನೋಡಿ. ಎಲ್ಲಾದರೂ ಎದ್ದಿದ್ದರೆ ಅಂದೇ ಉಜ್ಜಿ ಒಂದು ಕೈ ಬಳಿದುಬಿಡಿ. ಅಕ್ಕನ ಮಗ ತನ್ನದನ್ನು ಪಡಸಾಲೆಯ ಬಾಗಿಲ ಹಿಂದೆ ನಿಲ್ಲಿಸಿದ್ದಾನೆ. ಕ್ಯಾಲೆಂಡರಿನಲ್ಲಿ ಮುಂದಿನ ಹುಣ್ಣಿಮೆಗೆ ಪೆನ್ನಿನಿಂದ ಸುತ್ತು ಹಾಕಿದ್ದಾನೆ.