ಬೆರಳ ತುದಿಯ ಹನಿ, ಪ್ಲೇಟ್‌ಲೆಟ್ ಲೆಕ್ಕ: ಎಷ್ಟು ನಂಬಬಹುದು?

ಮಳೆಗಾಲದಲ್ಲಿ ಡೆಂಗಿ ಹರಡಿತೆಂದರೆ ‘ಪ್ಲೇಟ್‌ಲೆಟ್ ಎಷ್ಟಿದೆಯಂತೆ?’ ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. ‘ನಲವತ್ತಕ್ಕೆ ಇಳಿದಿದೆಯಂತೆ’ ಎಂದರೆ ಅದು ನಲವತ್ತು ಸಾವಿರ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡೆಂಗಿ ಬಂದವರಿಗೆ ಈ ಆತಂಕ ಒಂದು ವಾರ, ಹೆಚ್ಚೆಂದರೆ ಹತ್ತು ದಿನದ್ದು. ಆದರೆ ವರ್ಷಗಟ್ಟಲೆ ಈ ಸಂಖ್ಯೆಯ ಜೊತೆಗೇ ಬದುಕುವವರೂ ನಮ್ಮ ನಡುವೆ ಇದ್ದಾರೆ. ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ, ಅದು ಐಟಿಪಿ. ಇನ್ನು ಕೆಲವರಲ್ಲಿ ಅಸ್ಥಿಮಜ್ಜೆ ಮಿತಿಮೀರಿ ಪ್ಲೇಟ್‌ಲೆಟ್ ತಯಾರಿಸುತ್ತದೆ. ಅದು ಎಸೆನ್ಷಿಯಲ್ ಥ್ರಾಂಬೊಸೈಥೀಮಿಯ. ಇವರ ಸ್ಟಿರಾಯ್ಡ್ ಅಥವಾ ಹೈಡ್ರಾಕ್ಸಿಯೂರಿಯ ಮಾತ್ರೆಯನ್ನು ಏರಿಸುವುದೋ ಇಳಿಸುವುದೋ ಎಂದು ವೈದ್ಯರು ತೀರ್ಮಾನಿಸುವಾಗ ಮುಖ್ಯವಾಗಿ ನೋಡುವುದು ಈ ಎಣಿಕೆಯನ್ನೇ. ಲೆಕ್ಕ ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಹಾಗಾಗಿ ರಕ್ತವನ್ನು ಬೆರಳಿಗೆ ಚುಚ್ಚಿ ತೆಗೆದರೋ ತೋಳಿನಿಂದ ಎಳೆದರೋ ಎಂಬುದು ಇವರ ಚಿಕಿತ್ಸೆಗೇ ಸಂಬಂಧಿಸಿದ ಪ್ರಶ್ನೆ.

ಚುಚ್ಚಿದ ಕ್ಷಣದಲ್ಲಿ

ಆರೋಗ್ಯವಂತರ ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾತ್ರ ಎರಡು ಮೂರು ಮೈಕ್ರಾನ್, ಆಯುಸ್ಸು ಏಳರಿಂದ ಹತ್ತು ದಿನ. ಗಾಯವಾದ ಕಡೆ ಅಂಟಿಕೊಂಡು, ಒಂದಕ್ಕೊಂದು ಕೂಡಿಕೊಂಡು ರಕ್ತ ನಿಲ್ಲಿಸುವುದು ಅವುಗಳ ಕೆಲಸ. ಬೆರಳಿಗೆ ಚುಚ್ಚಿದ ಸೂಜಿಯ ತೂತೂ ಅವುಗಳ ಪಾಲಿಗೆ ಗಾಯವೇ. ಎಣಿಸಬೇಕಾದ ಕಣಗಳಲ್ಲಿ ಕೆಲವು ಅಲ್ಲೇ ಗಾಯದ ಅಂಚಿಗೆ ಅಂಟಿಕೊಳ್ಳುತ್ತವೆ, ಕೆಲವು ಹನಿಯೊಳಗೆ ಗುಂಪುಗಟ್ಟುತ್ತವೆ. ಹತ್ತಿಪ್ಪತ್ತು ಸೇರಿ ಆದ ಗುಂಪನ್ನು ಯಂತ್ರ ಒಂದೇ ಕಣವೆಂದು ಎಣಿಸುತ್ತದೆ, ಇಲ್ಲವೇ ಪ್ಲೇಟ್‌ಲೆಟ್ ಅಲ್ಲವೆಂದು ಬಿಟ್ಟೇಬಿಡುತ್ತದೆ.

ಕೈ ತಣ್ಣಗಿದ್ದರೆ ಹನಿ ಸಲೀಸಾಗಿ ಮೂಡುವುದಿಲ್ಲ. ಆಗ ಬೆರಳನ್ನು ಬುಡದಿಂದ ತುದಿಯವರೆಗೆ ಹಿಂಡುವುದನ್ನು ಆರೋಗ್ಯ ಶಿಬಿರಗಳಲ್ಲಿ ನೋಡಿಯೇ ಇರುತ್ತೇವೆ. ಹಿಂಡಿದಾಗ ರಕ್ತದ ಜೊತೆ ಚರ್ಮದಡಿಯ ದ್ರವವೂ ಬಂದು ಹನಿ ತೆಳುವಾಗುತ್ತದೆ, ಕೆಂಪು ರಕ್ತಕಣಗಳೂ ಒಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗಸೂಚಿ ಮೊದಲ ಹನಿಯನ್ನು ಒರೆಸಿಬಿಡಬೇಕು, ಬೆರಳನ್ನು ಹಿಂಡಬಾರದು ಎನ್ನುತ್ತದೆ. ಇದನ್ನೆಲ್ಲ ಪಾಲಿಸಿದರೂ ಬೆರಳಿನ ಹನಿಯಲ್ಲಿ ಪ್ಲೇಟ್‌ಲೆಟ್ ಎಣಿಕೆ ತೋಳಿನ ರಕ್ತದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ಹನಿಯಿಂದ ಹನಿಗೆ ವ್ಯತ್ಯಾಸ

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮೇಗನ್ ಬಾಂಡ್ ಮತ್ತು ರೆಬೆಕಾ ರಿಚರ್ಡ್ಸ್-ಕೋರ್ಟಮ್ 2015ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಒಂದೇ ಬೆರಳಿನಿಂದ ಒಂದರ ಹಿಂದೊಂದು ಹನಿಗಳನ್ನು ತೆಗೆದು ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳನ್ನು ಅಳೆದಾಗ ಹನಿಯಿಂದ ಹನಿಗೆ ಲೆಕ್ಕ ಬದಲಾಗುತ್ತಿತ್ತು. ತೋಳಿನ ರಕ್ತದಷ್ಟು ಸ್ಥಿರವಾದ ಉತ್ತರ ಬೇಕೆಂದರೆ ಆರರಿಂದ ಒಂಬತ್ತು ಹನಿಗಳ ಸರಾಸರಿ ತೆಗೆಯಬೇಕಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಜಾನ್ ಕ್ಯಾರಿರೂ ಅವರು ಥೆರಾನೋಸ್ ಕಂಪನಿಯ ಬಣ್ಣ ಬಯಲು ಮಾಡಿದರು. ಬೆರಳಿನ ಕೆಲವೇ ಹನಿಗಳಿಂದ ಹತ್ತಾರು ಪರೀಕ್ಷೆ ಮಾಡುತ್ತೇವೆಂದು ಆ ಕಂಪನಿ ಹೇಳಿಕೊಂಡಿತ್ತು. ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಅವರಿಗೆ 2022ರಲ್ಲಿ ವಂಚನೆ ಪ್ರಕರಣದಲ್ಲಿ ಹನ್ನೊಂದು ವರ್ಷಕ್ಕೂ ಮಿಕ್ಕಿದ ಜೈಲು ಶಿಕ್ಷೆಯಾಯಿತು. ಸೂಜಿಗೆ ಹೆದರುವವರ, ಪದೇ ಪದೇ ಚುಚ್ಚಿಸಿಕೊಂಡು ಬೇಸತ್ತವರ ಆಸೆಯನ್ನೇ ಅಲ್ಲಿ ಬಂಡವಾಳ ಮಾಡಿಕೊಳ್ಳಲಾಗಿತ್ತು.

ತೋಳಿನ ರಕ್ತವೂ ತಪ್ಪುವುದುಂಟು

ಹಾಗೆಂದು ತೋಳಿನಿಂದ ತೆಗೆದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ಸಾವಿರಕ್ಕೆ ಒಬ್ಬರ ಆಸುಪಾಸು ಜನರ ರಕ್ತದಲ್ಲಿ ಈ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ದೇಹದೊಳಗೆ ಎಣಿಕೆ ಚೆನ್ನಾಗಿಯೇ ಇದ್ದು ರಿಪೋರ್ಟಿನಲ್ಲಿ ಮಾತ್ರ ಗಾಬರಿಯಾಗುವಷ್ಟು ಇಳಿದಿರುತ್ತದೆ. ಹುಟ್ಟಿನಿಂದಲೇ ದೊಡ್ಡ ಗಾತ್ರದ ಪ್ಲೇಟ್‌ಲೆಟ್ ಇರುವವರಲ್ಲಿ ಯಂತ್ರ ಅವನ್ನು ಕೆಂಪು ಕಣಗಳೆಂದು ಭಾವಿಸಿ ಲೆಕ್ಕದಿಂದ ಕೈಬಿಡಬಹುದು. ಕೆಂಪು ಕಣಗಳ ಚೂರುಗಳಿದ್ದರೆ ಅವೇ ಪ್ಲೇಟ್‌ಲೆಟ್ ಎನಿಸಿಕೊಂಡು ಸಂಖ್ಯೆ ಸುಳ್ಳೇ ಏರಲೂಬಹುದು.

ಇಲ್ಲಿ ಯಂತ್ರವನ್ನು ತಿದ್ದುವುದು ಮನುಷ್ಯನ ಕಣ್ಣು. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಲ್ಯಾಬಿನವರು ಇದಕ್ಕೆ ಸ್ಮಿಯರ್ ಎನ್ನುತ್ತಾರೆ. ತಿಳಿದವರು ಮೊದಲು ನೋಡುವುದು ಸವರಿದ ರಕ್ತ ಮುಗಿಯುವ ತುದಿಯನ್ನು. ಗುಂಪುಗಟ್ಟಿದ ಪ್ಲೇಟ್‌ಲೆಟ್‌ಗಳು ನೇರಳೆ ಮುದ್ದೆಗಳಾಗಿ ಅಲ್ಲಿ ಹೋಗಿ ಸೇರಿರುತ್ತವೆ. ಆಮೇಲೆ ಕಣಗಳು ಬಿಡಿಬಿಡಿಯಾಗಿ ಹರಡಿದ ಜಾಗಕ್ಕೆ ಬಂದು, ಆಯಿಲ್ ಲೆನ್ಸಿನಲ್ಲಿ ಒಂದು ನೋಟಕ್ಕೆ ಸರಾಸರಿ ಎಷ್ಟು ಪ್ಲೇಟ್‌ಲೆಟ್ ಕಾಣುತ್ತವೆಂದು ಎಣಿಸುತ್ತಾರೆ. ಒಂದೊಂದಕ್ಕೂ ಸುಮಾರು 15ರಿಂದ 20 ಸಾವಿರದ ಲೆಕ್ಕ. ಯಂತ್ರ ‘30 ಸಾವಿರ’ ಎಂದು, ಕಣ್ಣಿಗೆ ನೋಟವೊಂದಕ್ಕೆ ಎಂಟು ಹತ್ತು ಕಂಡರೆ ಯಂತ್ರದ ಮಾತು ನಂಬುವಂತಿಲ್ಲ. ಆಗ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸುತ್ತಾರೆ.

ಸಂಖ್ಯೆಯೇ ಉತ್ತರವಲ್ಲದ ಕಾಯಿಲೆಗಳೂ ಇವೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡುವಾರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಬೇಕಾದಷ್ಟಿರುತ್ತವೆ, ಆದರೆ ಒಂದಕ್ಕೊಂದು ಕೂಡಿಕೊಳ್ಳುವುದೇ ಇಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆ ಇದು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆಯವರು ತಿಳಿದಿರಬೇಕಾದದ್ದು. ಪದೇ ಪದೇ ಮೂಗಿನಿಂದ ರಕ್ತ ಸುರಿಯುವ ಮಗುವಿನ ಎಣಿಕೆ ಸರಿಯಾಗಿದೆ ಎಂದು ಸುಮ್ಮನಿರುವಂತಿಲ್ಲ. ಪ್ಲೇಟ್‌ಲೆಟ್ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ ಬೇರೆಯೇ ಇದೆ.

ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಮನೆಯಲ್ಲಿ ಸಕ್ಕರೆ ನೋಡಿಕೊಳ್ಳಲು ಬೆರಳಿನ ಹನಿ ಒಳ್ಳೆಯ ಅನುಕೂಲ. ಆದರೂ ಕೆಂಪು ಕಣ ತೀರಾ ಹೆಚ್ಚಿರುವವರಿಗೆ ಗ್ಲುಕೋಮೀಟರ್ ಸಕ್ಕರೆಯನ್ನು ಕಡಿಮೆ ತೋರಿಸಬಹುದು, ರಕ್ತಹೀನತೆ ಇರುವವರಿಗೆ ಹೆಚ್ಚು ತೋರಿಸಬಹುದು. ಪ್ಲೇಟ್‌ಲೆಟ್ ವಿಪರೀತ ಹೆಚ್ಚಿರುವವರು ಪೊಟ್ಯಾಸಿಯಂ ಲೆಕ್ಕದ ಬಗ್ಗೆಯೂ ಎಚ್ಚರದಿಂದಿರಬೇಕು. ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳಿಂದ ಪೊಟ್ಯಾಸಿಯಂ ಹೊರಬಂದು ಸುಳ್ಳು ಏರಿಕೆ ಕಾಣುತ್ತದೆ. ಹೆಪ್ಪುಗಟ್ಟಲು ಬಿಡದೆ ಪ್ಲಾಸ್ಮಾದಲ್ಲಿ ಅಳೆದರೆ ನಿಜ ತಿಳಿಯುತ್ತದೆ.

ಎಳೆಯ ಮಕ್ಕಳಲ್ಲಿ ಹಿಮ್ಮಡಿಗೋ ಬೆರಳಿಗೋ ಚುಚ್ಚುವುದು ಅನಿವಾರ್ಯವಾಗುವುದುಂಟು. ಅಲ್ಲಿ ಬಂದ ಕಡಿಮೆ ಎಣಿಕೆಯನ್ನು ತೋಳಿನ ರಕ್ತದಿಂದ ಖಚಿತಪಡಿಸಿಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಪ್ಲೇಟ್‌ಲೆಟ್ ಕಡಿಮೆಯಿದೆ, ದೊಡ್ಡ ಸೂಜಿ ಬೇಡ ಎಂದು ಹೆದರುವವರೂ ಇದ್ದಾರೆ. ಚುಚ್ಚಿದ ಜಾಗವನ್ನು ಉಜ್ಜದೆ, ಕೈ ಮಡಚದೆ, ಹತ್ತಿಯಿಟ್ಟು ಐದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ತೊಂದರೆಯಾಗದು.

ಪ್ಲೇಟ್‌ಲೆಟ್ ಕಾಯಿಲೆ ಇರುವವರು ಆದಷ್ಟೂ ಒಂದೇ ಲ್ಯಾಬಿನಲ್ಲಿ, ತೋಳಿನ ರಕ್ತದಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ರಿಪೋರ್ಟುಗಳನ್ನು ಜೊತೆಗೇ ಒಯ್ಯಬೇಕು. ಎಣಿಕೆ ಇದ್ದಕ್ಕಿದ್ದಂತೆ ಕುಸಿದರೆ ‘ಸ್ಮಿಯರ್ ನೋಡಿದ್ದೀರಾ?’ ಎಂದು ಕೇಳಲು ಸಂಕೋಚ ಬೇಡ. ಆದರೆ ಕಾಲಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ಮುಟ್ಟಿನ ಸ್ರಾವ, ಹಿಂದೆಂದೂ ಇಲ್ಲದ ತಲೆನೋವು ಕಾಣಿಸಿದರೆ ಮರುಪರೀಕ್ಷೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಲ್ಯಾಬುಗಳಿಂದಲೂ ಒಂದು ಕೆಲಸ ಆಗಬೇಕಿದೆ. ಮಾದರಿಯನ್ನು ಬೆರಳಿನಿಂದ ತೆಗೆದದ್ದೋ ತೋಳಿನಿಂದಲೋ, ಸ್ಮಿಯರ್ ನೋಡಲಾಗಿದೆಯೋ ಇಲ್ಲವೋ ಎಂಬ ಒಂದು ಸಾಲು ಪ್ರತಿ ರಿಪೋರ್ಟಿನಲ್ಲೂ ಇರಲಿ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ಖರ್ಚೂ ಇಲ್ಲ. ಮಾತ್ರೆಯ ಪ್ರಮಾಣ ಬದಲಿಸಲು ಪೆನ್ನು ತೆಗೆಯುವ ವೈದ್ಯರಿಗೆ ಕೈಯಲ್ಲಿರುವ ಸಂಖ್ಯೆಯನ್ನು ಎಷ್ಟು ನಂಬಬೇಕೆಂದು ಆ ಒಂದು ಸಾಲು ತಿಳಿಸುತ್ತದೆ.