ಹಿಟ್ಟು ಎಷ್ಟು ರುಬ್ಬಬೇಕೆಂದು ಕಂಪ್ಯೂಟರ್ ಹೇಳಬಹುದೇ?

ಕೃತಕ ಬುದ್ಧಿಮತ್ತೆ, ಅಂದರೆ ಎ.ಐ. ಹೆಸರು ಹೇಳಿಕೊಂಡು ನಮ್ಮ ಹೋಟೆಲುಗಳ ಗಲ್ಲಾದ ಮುಂದೆ ಬಂದು ನಿಲ್ಲುವ ಸಾಫ್ಟ್‌ವೇರ್ ಕಂಪನಿಯವರು ಈಗ ಕಡಿಮೆಯಿಲ್ಲ. ಕೊಳ್ಳಬೇಕೋ ಬೇಡವೋ ಎನ್ನುವುದಕ್ಕೆ ಮೊದಲು, ಯಾವ ಕೆಲಸಕ್ಕೆ ಎಂಬುದನ್ನು ಮಾಲೀಕರು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಗಿರಾಕಿಯ ಎದುರಿಗೆ ಯಂತ್ರವನ್ನು ನಿಲ್ಲಿಸುವ ಆತುರವಂತೂ ಬೇಡ. ಕಾರಿನಲ್ಲಿ ಬಂದವರ ಆರ್ಡರನ್ನು ಯಂತ್ರವೇ ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಮ್ಯಾಕ್‌ಡೊನಾಲ್ಡ್ಸ್ ಕಂಪನಿಯು ಐಬಿಎಂ ಜೊತೆ ಸೇರಿ ಅಮೆರಿಕದ ನೂರಕ್ಕೂ ಹೆಚ್ಚು ಮಳಿಗೆಗಳಲ್ಲಿ ಪರೀಕ್ಷಿಸಿ, 2024ರಲ್ಲಿ ನಿಲ್ಲಿಸಿತು. "ಇಡ್ಲಿ ಒಂದು, ಸಾಂಬಾರ್ ಬೇರೆ, ಚಟ್ನಿ ಜಾಸ್ತಿ, ಚಾಯ್ ಕಟಿಂಗ್" ಎಂದು ಮೂರು ಭಾಷೆ ಬೆರೆಸಿ ಹೇಳುವ ನಮ್ಮ ಗಿರಾಕಿಗೆ ಸದ್ಯಕ್ಕೆ ಸಪ್ಲೈಯರ್ ಹುಡುಗನೇ ವಾಸಿ.

ಪ್ರಯೋಜನವಿರುವುದು ಒಳಗೆ, ಅಡಿಗೆಮನೆಯಲ್ಲಿ. ನಾಳೆಗೆ ಅಕ್ಕಿ, ಉದ್ದು ಎಷ್ಟು ನೆನೆಹಾಕಬೇಕು? ಇದನ್ನು ಇಂದು ಮಧ್ಯಾಹ್ನವೇ ಹೇಳಬೇಕು. ಕಡಿಮೆಯಾದರೆ ಬೆಳಿಗ್ಗೆ ಹತ್ತಕ್ಕೇ ದೋಸೆ ಖಲಾಸ್, ಹೆಚ್ಚಾದರೆ ಹಿಟ್ಟು ಹುಳಿ. ಹಿಂದಿನ ಬಿಲ್ಲುಗಳು, ವಾರ, ಮಳೆ ಎಲ್ಲವನ್ನೂ ನೋಡಿ ಯಂತ್ರ ಒಂದು ಅಂದಾಜು ಕೊಡಬಲ್ಲದು.

ಆದರೆ ಬಿಲ್ಲಿನಲ್ಲಿ ಇರುವುದು ಮಾರಾಟವಾದದ್ದು ಮಾತ್ರ. ಹಿಟ್ಟು ಮುಗಿದ ದಿನ 180 ದೋಸೆ ಹೋಯಿತು, 40 ಜನ ವಾಪಸು ಹೋದರು ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ಆ 40 ಜನ ಕಾಣುವುದಿಲ್ಲ, ಮುಂದಿನ ವಾರವೂ 180ಕ್ಕೇ ಹಿಟ್ಟು ಸಾಕು ಎನ್ನುತ್ತದೆ. ಆದ್ದರಿಂದ ಯಾವ ಪದಾರ್ಥ ಎಷ್ಟು ಗಂಟೆಗೆ ಮುಗಿಯಿತು, ರಾತ್ರಿ ಎಷ್ಟು ಕಿಲೋ ಹಿಟ್ಟು ಉಳಿಯಿತು ಎಂಬುದನ್ನು ಮೊದಲು ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ. ಇದಕ್ಕೆ ಕಾಸು ಖರ್ಚಿಲ್ಲ.

ಪಂಚಾಂಗವನ್ನೂ ಯಂತ್ರಕ್ಕೆ ತುಂಬಿಸಬೇಕು. ಆಷಾಢ ಏಕಾದಶಿ 2023ರಲ್ಲಿ ಜೂನ್ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6ಕ್ಕೆ ಬಂತು. ಆ ದಿನ ಮುಂಬಯಿ, ಪುಣೆಗಳಲ್ಲಿ ಸಾಬೂದಾನ ಖಿಚಡಿ ಕೇಳುವವರೇ ಹೆಚ್ಚು. ಬರೀ ಇಂಗ್ಲಿಷ್ ತಾರೀಖು ಹಿಡಿದು ಹೊರಟ ಲೆಕ್ಕ ಅಲ್ಲಿ ಮುಗ್ಗರಿಸುತ್ತದೆ. ನಮ್ಮ ಭಟ್ಟರಿಗೆ ಇದು ಬಾಯಿಪಾಠ.

ಅದಕ್ಕೇ ಭಟ್ಟರನ್ನು ಬದಿಗಿಟ್ಟು ಈ ಕೆಲಸ ಶುರುಮಾಡಬಾರದು. ಒಂದು ತಿಂಗಳು ಭಟ್ಟರ ಅಂದಾಜು, ಯಂತ್ರದ ಅಂದಾಜು ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ, ರುಬ್ಬುವುದು ಮಾತ್ರ ಭಟ್ಟರ ಮಾತಿನಂತೆಯೇ ನಡೆಯಲಿ. ತಿಂಗಳ ಕೊನೆಗೆ ಯಾರದು ಹತ್ತಿರ ಬಂತೆಂದು ಅವರೊಡನೆ ಕೂತೇ ನೋಡಿ. ಯಾರ ಕೆಲಸವೂ ಹೋಗುವುದಿಲ್ಲ ಎಂದು ಮೊದಲ ದಿನವೇ ಹುಡುಗರಿಗೆ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಉಳಿದ ಹಿಟ್ಟಿಗೆ ಬೈಗುಳ, ಪಗಾರದಲ್ಲಿ ಕಡಿತ ಎಂದಾದರೆ ಹಿಟ್ಟು ಮೋರಿಗೆ ಹೋಗುತ್ತದೆ, ಪುಸ್ತಕದಲ್ಲಿ ಸೊನ್ನೆ ಬೀಳುತ್ತದೆ. ಆ ಸುಳ್ಳು ಲೆಕ್ಕವನ್ನೇ ಯಂತ್ರ ಕಲಿಯುತ್ತದೆ.

ಗಿರಾಕಿಗಳ ಮೊಬೈಲ್ ನಂಬರುಗಳನ್ನು ಕಂಡಕಂಡ ಆ್ಯಪ್‌ಗಳಿಗೆ ಕೊಡಬೇಡಿ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಕಾಯಿದೆಯಾಗಿದೆ, ಅದರ ನಿಯಮಗಳೂ 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಸಾಫ್ಟ್‌ವೇರ್ ಕರಾರಿಗೆ ಸಹಿ ಹಾಕುವ ಮುನ್ನ, ನಾಳೆ ನಾವು ಬಿಟ್ಟರೆ ನಮ್ಮ ಬಿಲ್ಲಿನ ದಾಖಲೆಯೆಲ್ಲ ನಮಗೆ ವಾಪಸು ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.